ದೇಶಾಂತರ ವಿದ್ಯಾರ್ಥಿಗಳಿಗೆ ಇತ್ಸಿಂಗನು ಹೇಳಿದ ಹಿತ

ವಿದ್ಯಾರ್ಜನೆಗಾಗಿ ದೇಶಾಂತರಕ್ಕೆ ಹೋಗುವ ಪದ್ಧತಿಯು ಈಚಿನ ವಿಶ್ವವಿದ್ಯಾನಿಲಯಗಳೊಡನೆ ಹುಟ್ಟಿದುದೆಂದು ಅನೇಕರು ಭಾವಿಸುವುದುಂಟು. ಆದರೆ ಹದಿಮೂರು ಶತಮಾನಗಳ ಹಿಂದೆಯೇ ಚೀನ, ಕೊರಿಯ ದೇಶಗಳ ವಿದ್ಯಾರ್ಥಿಗಳು ಕಡಲನ್ನೂ ಮರುಭೂಮಿಯನ್ನೂ ದಾಟಿ ಮಗಧದ ನಾಲಂದಾ ಮಹಾವಿಹಾರಕ್ಕೆ ಬರುತ್ತಿದ್ದರು. ಹಾಗೆ ಬರುವವರು ದಾರಿಯಲ್ಲಿ ಎಲ್ಲಿ ತಂಗಬೇಕು, ಮೊದಲು ಏನನ್ನು ಓದಬೇಕು ಎಂಬುದನ್ನು ಸ್ವಾನುಭವದಿಂದ ಅರಿತು ಬರೆದಿಟ್ಟವನು ಇತ್ಸಿಂಗನೆಂಬ ಚೀನದ ಭಿಕ್ಷು.

ಇತ್ಸಿಂಗನು ಹುಟ್ಟಿದುದು ಕ್ರಿ. ಶ. 635ರಲ್ಲಿ. 671ರಲ್ಲಿ ಅವನು ಹೊರಟಾಗ, ಕೂಡ ಬರುವೆವೆಂದು ಮಾತುಕೊಟ್ಟಿದ್ದವರು ಹಿಂದೆಗೆದರು. ಜೊತೆಗೆ ಉಳಿದವನು ಒಬ್ಬ ಶಿಷ್ಯ ಮಾತ್ರ. ಕ್ಯಾಂಟನ್ ರೇವಿನಲ್ಲಿ ಪಾರಸಿಕರ ಹಡಗನ್ನೇರಿದ ಇವರು ಇಪ್ಪತ್ತು ದಿನಗಳೊಳಗೆ ಸುಮಾತ್ರಾ ದ್ವೀಪದ ಶ್ರೀವಿಜಯವನ್ನು ಮುಟ್ಟಿದರು. ಶಿಷ್ಯನು ವ್ಯಾಧಿಪೀಡಿತನಾಗಿ ಅಲ್ಲಿಂದಲೇ ಸ್ವದೇಶಕ್ಕೆ ಮರಳಿದನು. ಇತ್ಸಿಂಗನಾದರೋ ಆರು ತಿಂಗಳು ಅಲ್ಲಿಯೇ ನಿಂತು ಶಬ್ದವಿದ್ಯೆಯನ್ನು ಅಭ್ಯಸಿಸಿ, 673ರಲ್ಲಿ ವಂಗದೇಶದ ತಾಮ್ರಲಿಪ್ತಿಯಲ್ಲಿ ಇಳಿದನು. ಅಲ್ಲಿಯೂ ಸುಮಾರು ಒಂದು ವರ್ಷ ಸಂಸ್ಕೃತವನ್ನೇ ಕಲಿತು, ಬಳಿಕ ಮಗಧದ ದಾರಿ ಹಿಡಿದನು. ದಾರಿಯಲ್ಲಿ ಜ್ವರಪೀಡಿತನಾಗಿ ಒಡನಾಡಿಗಳಿಂದ ಹಿಂದುಳಿದಾಗ ಕಳ್ಳರು ಅವನ ಉಟ್ಟ ಬಟ್ಟೆಯನ್ನೂ ಕಸಿದುಕೊಂಡರು. ಬಿಳಿಯ ಮೈಯವರನ್ನು ಬಲಿಕೊಡುವರೆಂಬ ವದಂತಿಯನ್ನು ಕೇಳಿದ್ದ ಅವನು ಮೈಗೆಲ್ಲ ಕೆಸರನ್ನು ಬಳಿದುಕೊಂಡು, ರಾತ್ರಿಯ ವೇಳೆಗೆ ಸಂಗಡಿಗರನ್ನು ಕೂಡಿಕೊಂಡನು.

ಇಷ್ಟು ಕಷ್ಟಪಟ್ಟು ಬಂದವರಿಗೂ ನಾಲಂದೆಯ ಬಾಗಿಲು ತಾನಾಗಿ ತೆರೆಯುತ್ತಿರಲಿಲ್ಲ. ಹೊರಗಿನಿಂದ ವಾದಕ್ಕೆ ಬಂದವರನ್ನು ದ್ವಾರಪಂಡಿತನು ಕಠಿನ ಪ್ರಶ್ನೆಗಳಿಂದ ಪರೀಕ್ಷಿಸುತ್ತಿದ್ದನೆಂದೂ, ಹತ್ತರಲ್ಲಿ ಏಳೆಂಟು ಮಂದಿ ಉತ್ತರ ಹೇಳಲಾರದೆ ಹಿಂದಿರುಗುತ್ತಿದ್ದರೆಂದೂ ಇತ್ಸಿಂಗನಿಗಿಂತ ಹಿಂದೆ ಬಂದಿದ್ದ ಹ್ಯೂಯೆನ್ ತ್ಸಾಂಗನು ಬರೆದಿರುವನು. ಪರೀಕ್ಷೆಯು ನಡೆಯುತ್ತಿದ್ದುದು ಸಂಸ್ಕೃತದಲ್ಲಿ. ಭಾಷೆ ಬಾರದವನು ಸಾವಿರಾರು ಹರಿದಾರಿ ನಡೆದು ಬಂದರೂ ಹೊಸ್ತಿಲಲ್ಲಿಯೇ ನಿಲ್ಲಬೇಕಾಗಿತ್ತು.

ಆದಕಾರಣ ಇತ್ಸಿಂಗನ ಮೊದಲನೆಯ ಹಿತವು ವ್ಯಾಕರಣವನ್ನು ಕುರಿತದ್ದು. ಆರನೆಯ ವಯಸ್ಸಿನಲ್ಲಿ ವರ್ಣಮಾಲೆ, ಎಂಟರಲ್ಲಿ ಪಾಣಿನಿಯ ಸೂತ್ರಪಾಠ, ಹತ್ತರಲ್ಲಿ ಖಿಲಗಳು, ಹದಿನೈದರಲ್ಲಿ ಐದು ವರ್ಷಗಳ ವೃತ್ತಿಗ್ರಂಥ—ಹೀಗೆ ಭಾರತದ ಬಾಲಕರು ಕಲಿಯುವ ಕ್ರಮವನ್ನು ವಿವರಿಸಿ, ಚೀನದಿಂದ ಬರುವವರು ಈ ವೃತ್ತಿಯನ್ನು ಮೊದಲು ಓದದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥವೆಂದು ಸ್ಪಷ್ಟವಾಗಿ ಎಚ್ಚರಿಸುತ್ತಾನೆ. ಎರಡನೆಯ ಹಿತವು ಸ್ಥಳವನ್ನು ಕುರಿತದ್ದು. ಶ್ರೀವಿಜಯದಲ್ಲಿ ಸಾವಿರಕ್ಕೂ ಮಿಕ್ಕ ಭಿಕ್ಷುಗಳಿದ್ದು, ಪಾಠವೂ ಆಚಾರವೂ ಮಧ್ಯದೇಶದಂತೆಯೇ ನಡೆಯುತ್ತಿದ್ದುವು. ಆದುದರಿಂದ ನೇರವಾಗಿ ಮಗಧಕ್ಕೆ ಧಾವಿಸದೆ ಅಲ್ಲಿ ಒಂದೆರಡು ವರ್ಷ ನಿಂತು, ಅಭ್ಯಾಸ ಮಾಡಿಕೊಂಡು ಮುಂದೆ ಸಾಗಬೇಕೆಂದು ಅವನ ಸಲಹೆ. ತಾನು ಆರು ತಿಂಗಳು ನಿಂತಲ್ಲಿ ಇತರರಿಗೆ ಒಂದೆರಡು ವರ್ಷವನ್ನು ವಿಧಿಸಿರುವುದನ್ನು ವಾಚಕರು ಗಮನಿಸಬೇಕು.

ಈ ಸಲಹೆಯ ಹಿಂದೆ ಅನೇಕರ ಪ್ರಾಣಗಳ ಬೆಲೆಯಿದೆ. ಧರ್ಮಗ್ರಂಥಗಳನ್ನು ಅರಸಿ ಹೊರಟ 50ಕ್ಕೂ ಹೆಚ್ಚು ಭಿಕ್ಷುಗಳ ಚರಿತ್ರೆಗಳನ್ನು ಇತ್ಸಿಂಗನೇ ಪ್ರತ್ಯೇಕ ಗ್ರಂಥವಾಗಿ ರಚಿಸಿದನು. ಅವರಲ್ಲಿ ಸ್ವದೇಶವನ್ನು ಮರಳಿ ಕಂಡವರು ವಿರಳ. ಕೊರಿಯದ ಆರ್ಯವರ್ಮನು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಊರಿಗೆ ಹಿಂದಿರುಗುವ ಹಂಬಲವು ಈಡೇರದೆಯೇ ನಾಲಂದೆಯಲ್ಲಿ ತೀರಿಕೊಂಡನು. ಛಾಂಗ್-ಮಿನ್ ಎಂಬವನ ಹಡಗು ಮುಳುಗುವಾಗ ನಾವಿಕನು ದೋಣಿಗೆ ಕರೆದರೂ, ಬೇರೆಯವರನ್ನು ಉಳಿಸೆಂದು ಹೇಳಿ ಅವನು ಜಲಸಮಾಧಿಯನ್ನು ಹೊಂದಿದನು. ಚೀನದ ವಿದ್ಯಾರ್ಥಿಗಳಿಗೆ ಭಾರತದಲ್ಲಿ ತಮ್ಮದೆಂಬ ವಿಹಾರವಿಲ್ಲದೆ, ತಂಗಲು ನೆಲೆಯಿಲ್ಲದೆ ಅಲೆಯಬೇಕಾಗಿದೆಯೆಂದು ಇತ್ಸಿಂಗನು ಮರುಗುತ್ತಾನೆ. ಆ ಕೊರತೆಯನ್ನು ಅರಿತವರು ಮುಂದೆಯೂ ಇದ್ದರು: ಒಂಬತ್ತನೆಯ ಶತಮಾನದಲ್ಲಿ ಸುವರ್ಣದ್ವೀಪದ ಅರಸನಾದ ಬಾಲಪುತ್ರದೇವನು ನಾಲಂದೆಯಲ್ಲಿ ಒಂದು ವಿಹಾರವನ್ನು ಕಟ್ಟಿಸಲು, ಪಾಲರ ದೇವಪಾಲನು ಅದಕ್ಕೆ ಐದು ಗ್ರಾಮಗಳನ್ನು ಬಿಟ್ಟುಕೊಟ್ಟನೆಂದು ತಾಮ್ರಶಾಸನದಿಂದ ತಿಳಿದುಬರುತ್ತದೆ.

ನಾಲಂದೆಯಲ್ಲಿ ಸುಮಾರು ಹತ್ತು ವರ್ಷ ಓದಿದ ಇತ್ಸಿಂಗನು ಐದು ಲಕ್ಷ ಶ್ಲೋಕಪ್ರಮಾಣದ ಗ್ರಂಥಗಳೊಡನೆ ಮತ್ತೆ ಶ್ರೀವಿಜಯಕ್ಕೆ ಬಂದನು. 689ರಲ್ಲಿ ಕಾಗದ, ಮಸಿಗಳನ್ನು ಬೇಡುವ ಪತ್ರವನ್ನು ಕಳುಹಿಸಲು ಹಡಗನ್ನು ಹತ್ತಿದಾಗ ಗಾಳಿಯು ಅನುಕೂಲವಾಗಿ ಹಡಗು ಹೊರಟೇಬಿಟ್ಟಿತು. ಅವನು ಬಯಸದೆಯೇ ಕ್ಯಾಂಟನ್ನನ್ನು ಸೇರಿದನು. ತಾಯ್ನೆಲವು ದೊರೆತಿತೆಂದು ಅಲ್ಲಿಯೇ ನಿಲ್ಲದೆ, ಸಹಾಯಕರನ್ನು ಕರೆದುಕೊಂಡು ಅದೇ ವರ್ಷ ಗ್ರಂಥಗಳಿದ್ದಲ್ಲಿಗೆ ಹಿಂದಿರುಗಿದನು. 692ರಲ್ಲಿ ತನ್ನ ವೃತ್ತಾಂತಗ್ರಂಥವನ್ನು ಮುಂದಾಗಿ ಸ್ವದೇಶಕ್ಕೆ ಕಳುಹಿಸಿ, ತಾನು 695ರಲ್ಲಿ ಲೊಯಾಂಗ್ ನಗರವನ್ನು ಪ್ರವೇಶಿಸಿದನು. 713ರಲ್ಲಿ ಕಾಲವಾಗುವವರೆಗೂ ಭಾಷಾಂತರದಲ್ಲಿಯೇ ಮಗ್ನನಾಗಿದ್ದನು.

ತಾನು ಮರಳುವ ಮುನ್ನವೇ ತನ್ನ ಅನುಭವವನ್ನು ಇತರರಿಗೆ ಮುಟ್ಟಿಸಿದ ಈ ನಡತೆಯಲ್ಲಿ ಅವನ ನಿಜವಾದ ಗುರುತ್ವವಿದೆ. ಇಂದು ವಿದೇಶಕ್ಕೆ ಹೊರಡುವ ವಿದ್ಯಾರ್ಥಿಗೆ ಕಡಲಿನ ಭಯವಿಲ್ಲ. ಆದರೆ ಪಾಠ ನಡೆಯುವ ಭಾಷೆಯನ್ನೂ ಆ ದೇಶದ ಮರ್ಯಾದೆಯನ್ನೂ ಮೊದಲೇ ಕಲಿತಿರಬೇಕೆಂಬ ನಿಯಮವು ಹಳತಾಗಿಲ್ಲ. ಇತ್ಸಿಂಗನ ವೃತ್ತಾಂತವನ್ನು 1896ರಲ್ಲಿ ಇಂಗ್ಲಿಷಿಗೆ ತಂದ ತಕಕುಸುವೂ ಜಪಾನಿನಿಂದ ಆಕ್ಸ್‌ಫರ್ಡಿಗೆ ಹೋಗಿ ಮ್ಯಾಕ್ಸ್ ಮುಲ್ಲರನ ಬಳಿ ಸಂಸ್ಕೃತವನ್ನೋದಿದ ವಿದ್ಯಾರ್ಥಿಯೇ. ಹೋಗಿ ಬಂದವರು ಹೋಗುವವರಿಗೆ ದಾರಿಯನ್ನು ಹೇಳಬೇಕಾದುದು ವಿದ್ಯಾಋಣದ ಒಂದು ಭಾಗವೆಂಬುದನ್ನು ಅವನ ಗ್ರಂಥವು ಇಂದಿಗೂ ಬೋಧಿಸುತ್ತದೆ.