ಆದಾಯ ತೆರಿಗೆ ಮರುಪಾವತಿ: ದೋಷಪೂರಿತ ವಿವರಪಟ್ಟಿಯ ನೋಟೀಸಿಗೆ ಉತ್ತರಿಸುವ ಕ್ರಮ

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ತೆರಿಗೆದಾರರ ಮಾಹಿತಿಗಾಗಿ)

ವೇತನ ಅಥವಾ ಠೇವಣಿ ಬಡ್ಡಿಯಿಂದ ಮೂಲದಲ್ಲಿಯೇ ಹೆಚ್ಚುವರಿಯಾಗಿ ಕಡಿತವಾದ ತೆರಿಗೆಯನ್ನು (ಟಿ.ಡಿ.ಎಸ್.) ಆದಾಯ ವಿವರಪಟ್ಟಿ (ರಿಟರ್ನ್) ಸಲ್ಲಿಸಿ ಮರಳಿ ಪಡೆಯಬಹುದಾಗಿದೆ. ಆದರೆ, ಕಡಿತವಾದ ತೆರಿಗೆಯನ್ನು ಕೋರಿ, ಅದಕ್ಕೆ ಸಂಬಂಧಿಸಿದ ಆದಾಯವನ್ನು ತೋರಿಸದಿದ್ದಲ್ಲಿ, ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರವು 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 139(9)ರನ್ವಯ ನೋಟೀಸು ನೀಡಬಹುದು. 2025-26ನೇ ಹಣಕಾಸು ವರ್ಷದವರೆಗಿನ ಆದಾಯಕ್ಕೆ ಸದರಿ ಕಾಯ್ದೆಯೇ ಅನ್ವಯಿಸುತ್ತದೆ.

1. ಸಾಮಾನ್ಯ ಲೋಪ: ತುಂಗಭದ್ರಾ ಎಡದಂಡೆ ನಾಲೆಯ ನೀರಿನಲ್ಲಿ ಬೆಳೆದ ಭತ್ತದ ಆದಾಯಕ್ಕೆ ಕಲಂ 10(1)ರನ್ವಯ ವಿನಾಯಿತಿ ಇದೆ. ಅದೇ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಾಗ ಬರುವ ಬಡ್ಡಿಯು ಕೃಷಿ ಆದಾಯವಲ್ಲ. ಅದನ್ನು ಇತರೆ ಮೂಲಗಳ ಆದಾಯದಡಿ ತೋರಿಸತಕ್ಕದ್ದು.

2. ನೈಜತೆ: ನೋಟೀಸಿನಲ್ಲಿರುವ ದಾಖಲೆ ಗುರುತಿನ ಸಂಖ್ಯೆಯನ್ನು ಇಲಾಖೆಯ ಇ-ಫೈಲಿಂಗ್ ಜಾಲತಾಣದಲ್ಲಿ ಪರಿಶೀಲಿಸಿಕೊಳ್ಳುವುದು. ಒ.ಟಿ.ಪಿ. ಅಥವಾ ಪಿನ್ ಸಂಖ್ಯೆಯನ್ನು ಯಾರಿಗೂ ತಿಳಿಸಬಾರದು.

3. ತಾಳೆ: ಫಾರಂ 16, ಫಾರಂ 26ಎ.ಎಸ್. ಹಾಗೂ ಬ್ಯಾಂಕಿನ ಬಡ್ಡಿ ಪ್ರಮಾಣಪತ್ರಗಳನ್ನು ಸಲ್ಲಿಸಿದ ವಿವರಪಟ್ಟಿಯೊಂದಿಗೆ ಹೋಲಿಸಿ ನೋಡುವುದು.

4. ಉತ್ತರ: ಜಾಲತಾಣದ 'ಇ-ಪ್ರೊಸೀಡಿಂಗ್ಸ್' ವಿಭಾಗದಲ್ಲಿ, ದೋಷವನ್ನು ಒಪ್ಪಿದಲ್ಲಿ ಸರಿಪಡಿಸಿದ ವಿವರಪಟ್ಟಿಯನ್ನು, ಒಪ್ಪದಿದ್ದಲ್ಲಿ ಕಾರಣವನ್ನು ಸಲ್ಲಿಸತಕ್ಕದ್ದು.

5. ಕಾಲಮಿತಿ: 15 ದಿನಗಳು. ಅಗತ್ಯವಿದ್ದಲ್ಲಿ ಹೆಚ್ಚಿನ ಕಾಲಾವಕಾಶವನ್ನು ಕೋರಬಹುದು.

ಉತ್ತರಿಸದಿದ್ದಲ್ಲಿ ವಿವರಪಟ್ಟಿಯೇ ಅಸಿಂಧುವೆಂದು ಪರಿಗಣಿತವಾಗಿ, ನ್ಯಾಯವಾಗಿ ಬರಬೇಕಾದ ಮರುಪಾವತಿಯೂ ಕೈತಪ್ಪುವ ಸಂಭವವಿರುತ್ತದೆ. ಆದುದರಿಂದ ತೆರಿಗೆದಾರರು ತಮ್ಮ ನೋಂದಾಯಿತ ಇ-ಮೇಲ್ ಮತ್ತು ಮೊಬೈಲ್ ಸಂದೇಶಗಳನ್ನು ಆಗಾಗ್ಗೆ ಗಮನಿಸುತ್ತಿರಲು ಕೋರಲಾಗಿದೆ.