ತಂತಿಯ ಮೇಲೆ ಬಂದ ಕನ್ನಡ ಅಕ್ಷರ

ಊರು ಬಿಟ್ಟು ಮುಂಬಯಿಗೆ ಬಂದು ನೆಲೆಸಿದ ನಮ್ಮವರಿಗೆ ‘ತಂತಿ ಬಂದಿದೆ’ ಎಂಬ ಮಾತು ಕೇಳಿದರೇ ಒಂದು ಕಾಲದಲ್ಲಿ ಎದೆ ಝಲ್ಲೆನ್ನುತ್ತಿತ್ತು. ‘ಫಾದರ್ ಸೀರಿಯಸ್, ಸ್ಟಾರ್ಟ್ ಇಮಿಡಿಯೆಟ್ಲಿ’ — ಸುದ್ದಿ ನಮ್ಮ ಮನೆಯದು, ಮಾತು ಮಾತ್ರ ಪರರದು. ತಂತಿಯಂತ್ರಕ್ಕೆ ರೋಮನ್ ಲಿಪಿ ಗೊತ್ತಿತ್ತು. ಸ್ವಾತಂತ್ರ್ಯಾನಂತರ ದೇವನಾಗರಿಯೂ ಗೊತ್ತಾಯಿತು. ಆದರೆ ಊರಿನವರು ತಮ್ಮ ಕೈಯಾರೆ ಕನ್ನಡದಲ್ಲಿ ಬರೆದ ಕಾಗದ, ಬರೆದ ರೂಪದಲ್ಲೇ ಕ್ಷಣಾರ್ಧದಲ್ಲಿ ನಮ್ಮನ್ನು ತಲಪುವಂತಾದದ್ದು ಫ್ಯಾಕ್ಸ್ ಬಂದ ಮೇಲೆಯೇ. ಈಗ ಮರೆವಿಗೆ ಸಂದಿರುವ ಆ ಸಾಧನದ ಕಥೆಯನ್ನು ಓದುಗರ ಮುಂದಿಡುವುದಕ್ಕೆ ಒಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಫ್ಯಾಕ್ಸ್ ಎಂದರೆ ದೂರವಾಣಿಯ ಕೂಸು ಎಂದು ಹಲವರ ಎಣಿಕೆ. ನಿಜಕ್ಕೂ ಅದು ದೂರವಾಣಿಗಿಂತ ಹಿರಿಯದು. ಬೆಲ್ ಮಹಾಶಯರಿಗೆ ದೂರವಾಣಿಯ ಹಕ್ಕುಪತ್ರ ದೊರೆತದ್ದು 1876ರಲ್ಲಿ. ಅದಕ್ಕೆ 33 ವರ್ಷ ಮೊದಲೇ, 1843ರಲ್ಲಿ, ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಬೇನ್ ಚಿತ್ರವನ್ನು ತಂತಿಯ ಮೂಲಕ ಕಳಿಸುವ ಉಪಾಯಕ್ಕೆ ಹಕ್ಕುಪತ್ರ ಪಡೆದಿದ್ದ. ಎರಡು ಊರುಗಳಲ್ಲಿ ಎರಡು ಲೋಲಕಗಳು ಒಂದೇ ತಾಳದಲ್ಲಿ ತೂಗುವುದು; ಇಲ್ಲಿಯ ಮುಳ್ಳು ಅಕ್ಷರದ ಉಬ್ಬನ್ನು ತಾಕಿದಾಗ ವಿದ್ಯುತ್ತು ಹರಿದು, ಅಲ್ಲಿಯ ಮುಳ್ಳು ರಾಸಾಯನಿಕ ಸವರಿದ ಕಾಗದದ ಮೇಲೆ ಕಲೆ ಮೂಡಿಸುವುದು. ಗಡಿಯಾರದವನಿಗಲ್ಲದೆ ಬೇರೆಯವರಿಗೆ ಹೊಳೆಯದ ಯುಕ್ತಿ! ಇಟಲಿಯ ಪಾದ್ರಿ ಜಿಯೊವಾನಿ ಕಸೆಲ್ಲಿ ಇದನ್ನು ಸುಧಾರಿಸಿ 1865ರಲ್ಲಿ ಪ್ಯಾರಿಸ್–ಲಿಯಾನ್ ನಡುವೆ ಸಾರ್ವಜನಿಕ ಸೇವೆಯನ್ನೇ ಆರಂಭಿಸಿದ. ಅಲ್ಲಿನ ಬ್ಯಾಂಕುಗಳು ಸಹಿ ತಾಳೆ ನೋಡಲು ಅದನ್ನು ಬಳಸುತ್ತಿದ್ದವಂತೆ.

ಆ ಮೇಲೆ ನೂರು ವರ್ಷ ಅದು ಪತ್ರಿಕಾ ಕಚೇರಿಗಳ ಮತ್ತು ಹವಾಮಾನ ಇಲಾಖೆಗಳ ಸೊತ್ತಾಗಿ ಉಳಿಯಿತು. ಜನರ ಕೈಗೆ ತಂದವರಲ್ಲಿ ಜಪಾನೀಯರು ಪ್ರಮುಖರು. ಅವರ ಸಾವಿರಾರು ಚಿತ್ರಾಕ್ಷರಗಳನ್ನು ಟೆಲೆಕ್ಸಿನ ಕೀಲಿಮಣೆ ಹೇಗೆ ತಾಳೀತು? ಫ್ಯಾಕ್ಸಿಗೆ ಲಿಪಿಯ ಗೊಡವೆಯೇ ಇಲ್ಲ. ಅದು ಅಕ್ಷರವನ್ನು ಓದುವುದಿಲ್ಲ, ಕಾಗದದ ಮೇಲೆ ಎಲ್ಲಿ ಕಪ್ಪು, ಎಲ್ಲಿ ಬಿಳುಪು ಎಂದಷ್ಟೇ ನೋಡುತ್ತದೆ. ಜಪಾನೀ ಲಿಪಿಗೆ ಒದಗಿದ ಈ ಗುಣವೇ ಕನ್ನಡಕ್ಕೂ ಒದಗಿತು.

1980ರಲ್ಲಿ ಸಿಸಿಐಟಿಟಿ ಎಂಬ ಅಂತರರಾಷ್ಟ್ರೀಯ ಸಮಿತಿ ‘ಗ್ರೂಪ್ 3’ ಎಂಬ ಕಟ್ಟಳೆಯನ್ನು ಗೊತ್ತುಪಡಿಸಿತು. ಇದರಿಂದ ಒಂದು ಕಂಪನಿಯ ಯಂತ್ರ ಇನ್ನೊಂದರೊಡನೆ ಮಾತಾಡಬಲ್ಲದಾಯಿತು. ಬಿ.ಎಸ್ಸಿ. ಓದಿದ ಚಪಲ, ಸ್ವಲ್ಪ ಲೆಕ್ಕ ಮಾಡೋಣ. ಒಂದು ಸಾಲಿಗೆ 1728 ಚುಕ್ಕೆ. ಒಂದು ಮಿಲಿಮೀಟರಿಗೆ 3.85 ಸಾಲು. ಎ4 ಹಾಳೆಯೊಂದರಲ್ಲಿ ಸುಮಾರು 20 ಲಕ್ಷ ಚುಕ್ಕೆಗಳಾದವು. ಸೆಕೆಂಡಿಗೆ 9600 ಚುಕ್ಕೆಯಂತೆ ಕಳಿಸಿದರೆ ಮೂರೂವರೆ ನಿಮಿಷ ಬೇಕು. ಆದರೆ ‘ಬಿಳಿ, ಬಿಳಿ, ಬಿಳಿ’ ಎಂದು ಹಾಡುವ ಬದಲು ‘ಇಲ್ಲಿಂದ ಇಷ್ಟು ಬಿಳಿ’ ಎಂದು ಒಟ್ಟಾಗಿ ಹೇಳುವ ಜಾಣತನವಿದ್ದುದರಿಂದ ಸಾಮಾನ್ಯ ಪತ್ರ ಒಂದು ನಿಮಿಷದೊಳಗೇ ಹೋಗುತ್ತಿತ್ತು.

ಇಷ್ಟಾದ ಮೇಲೆ ಕಂಪ್ಯೂಟರ್ ಹಿಂದೆ ಉಳಿದೀತೆ? 1985ರಲ್ಲಿ ಅಮೆರಿಕದ ಗಾಮಾಲಿಂಕ್ ಸಂಸ್ಥೆ ಕಂಪ್ಯೂಟರಿನ ಒಡಲಲ್ಲಿ ಕೂರಿಸುವ ಫ್ಯಾಕ್ಸ್ ಹಲಗೆಯನ್ನು ಹೊರತಂದಿತು. ತೊಂಬತ್ತರ ದಶಕದಲ್ಲಿ ಅಗ್ಗದ ಮೋಡೆಮ್‌ಗಳೂ ಫ್ಯಾಕ್ಸಿನ ಭಾಷೆ ಕಲಿತವು. ಕೆನಡಾದ ಡೆಲ್ರಿನಾ ಸಂಸ್ಥೆಯ ‘ವಿನ್‌ಫ್ಯಾಕ್ಸ್’ನಂಥ ತಂತ್ರಾಂಶಗಳು ಮನೆಮನೆಗೆ ಹೋದವು.

ನಮ್ಮ ಮನೆಗೆ ಅದು ಬಂದದ್ದು 2002ರಲ್ಲಿ. ಕೇಂದ್ರ ಸರಕಾರದ ಗುಮಾಸ್ತಿಕೆಗೆ ಸೇರಿದ ಹೊಸತು. ಕಂತಿನಲ್ಲಿ ಕೊಂಡ ಕಂಪ್ಯೂಟರಿನ ಮೇಲೆ ಸಂಘದ ಹಿರಿಯರ ಕಣ್ಣು ಬಿತ್ತು. ರಾಜ್ಯೋತ್ಸವದ ಸ್ಮರಣಸಂಚಿಕೆಗೆ ಊರಿನಿಂದ ಬರಹಗಳು ಬರಬೇಕು. ಫ್ಯಾಕ್ಸ್ ಯಂತ್ರ ಕೊಳ್ಳಲು ಸಂಘದಲ್ಲಿ ಹಣವಿಲ್ಲ. ಹೊಣೆ ನಮ್ಮ ತಲೆಗೆ ಬಂತು.

ಕೆಲಸ ಕಂಡಷ್ಟು ಸುಲಭವಾಗಿರಲಿಲ್ಲ. ಮೋಡೆಮನ್ನು ಕಂಪ್ಯೂಟರಿಗೂ ದೂರವಾಣಿಯ ತಂತಿಗೂ ಜೋಡಿಸಿದೆವು. ತಂತ್ರಾಂಶವನ್ನು ತುಂಬಿದ ಮೇಲೆ ಮುದ್ರಕಗಳ ಪಟ್ಟಿಯಲ್ಲಿ ‘ಫ್ಯಾಕ್ಸ್’ ಎಂಬ ಹೊಸ ಮುದ್ರಕ ಕಾಣಿಸಿತು. ‘ಬರಹ’ದಲ್ಲಿ ಟೈಪು ಮಾಡಿದ ಪತ್ರವನ್ನು ಅದಕ್ಕೆ ‘ಮುದ್ರಿಸು’ ಎಂದರೆ, ಅದು ಸಂಖ್ಯೆ ಕೇಳಿ ತಾನೇ ಕರೆ ಮಾಡುತ್ತಿತ್ತು. ಕೈಬರಹ ಕಳಿಸಬೇಕಾದರೆ ಮಾತ್ರ ಸ್ಕ್ಯಾನರ್ ಬೇಕು. ಕಂಪ್ಯೂಟರಿಗೆ ಸ್ವಂತ ಕಣ್ಣಿಲ್ಲವಲ್ಲ! ಬರುವ ಫ್ಯಾಕ್ಸಿಗಾಗಿ ಎರಡನೆಯ ಗಂಟೆಗೆ ಮೋಡೆಮ್ ಎತ್ತಿಕೊಳ್ಳುವಂತೆ ಗೊತ್ತುಮಾಡಿ, ಎಸ್‌ಟಿಡಿ ದರ ಇಳಿಯುವ ರಾತ್ರಿಯ ಹೊತ್ತಿನಲ್ಲಿ ಕಂಪ್ಯೂಟರನ್ನು ಎಚ್ಚರವಾಗಿಡುತ್ತಿದ್ದೆವು. ಒಮ್ಮೆ ಆ ಹೊತ್ತಿನಲ್ಲೇ ಕರೆ ಮಾಡಿದ ನಮ್ಮ ಸೋದರಮಾವನವರ ಕಿವಿಗೆ ಮೋಡೆಮಿನ ಕೀರಲು ಬಡಿದು, ‘ಮುಂಬಯಿಯವರು ಹೀಗೂ ಮಾತಾಡಿಸುತ್ತಾರೆಯೇ’ ಎಂದು ವಾರಗಟ್ಟಲೆ ಮುನಿದಿದ್ದರು.

ಮೊದಲ ಲೇಖನ ಧಾರವಾಡದಿಂದ ಬಂತು, ವೃದ್ಧ ಲೇಖಕರೊಬ್ಬರ ಕೈಬರಹ. ತೆರೆಯ ಮೇಲೆ ಅಕ್ಷರಗಳು ಮೂಡಿದಾಗ ಮನೆಯವರೆಲ್ಲ ಸುತ್ತ ನೆರೆದರು. ಆದರೆ ಒತ್ತಕ್ಷರಗಳು ಕಲಸಿಹೋಗಿದ್ದವು. ‘ಅಕ್ಕ’ ಯಾವುದು, ‘ಅಕ್ಷ’ ಯಾವುದು ತಿಳಿಯದು. ಕಾರಣ ಮೇಲಿನ ಲೆಕ್ಕದಲ್ಲೇ ಇದೆ: ಮಿಲಿಮೀಟರಿಗೆ ನಾಲ್ಕು ಸಾಲೂ ಇಲ್ಲವೆಂದರೆ ಇಂಗ್ಲಿಷಿನ ಅಕ್ಷರಕ್ಕೆ ಸಾಕು, ಕೆಳಗೆ ಪುಟ್ಟ ಮರಿಯನ್ನು ಹೊತ್ತ ನಮ್ಮ ಅಕ್ಷರಕ್ಕೆ ಸಾಲದು. ಆ ಕಡೆಯವರಿಗೆ ‘ಫೈನ್’ ಗುಂಡಿ ಒತ್ತಿ ಎಂದು ಬೇಡಿಕೊಂಡೆವು. ಸಾಲುಗಳು ಇಮ್ಮಡಿಯಾಗಿ, 7.7 ಆದವು. ಒತ್ತುಗಳು ತಮ್ಮ ತಮ್ಮ ತಾಯಂದಿರ ಕೆಳಗೆ ಬಂದು ನಿಂತವು!

ಇನ್ನು ಮೊದಲು ಹೇಳಿದ ಕಾರಣಕ್ಕೆ ಬರೋಣ. ಮುಂದೆ ಸಂಘವೂ ಒಂದು ಫ್ಯಾಕ್ಸ್ ಯಂತ್ರ ಕೊಂಡಿತು. ಸಂದೇಶಗಳು, ಶ್ರದ್ಧಾಂಜಲಿಗಳು, ನಾಟಕ ತಂಡಗಳ ಪತ್ರಗಳು ಸುರುಳಿ ಕಾಗದದಲ್ಲಿ ಬಂದವು. ಅವನ್ನು ಜೋಪಾನವಾಗಿರಲೆಂದು ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿಟ್ಟೆವು. ಕಳೆದ ವರ್ಷ ಕಪಾಟು ತೆರೆದು ನೋಡಿದರೆ ಬಹುಪಾಲು ಹಾಳೆಗಳು ಬೋಳು. ಸುರುಳಿ ಕಾಗದದಲ್ಲಿ ಶಾಯಿಯೇ ಇಲ್ಲ. ಬಿಸಿ ತಾಗಿದಾಗ ಅದರ ಲೇಪ ಕಪ್ಪಾಗುತ್ತದೆ, ಬೆಳಕಿಗೆ, ಸೆಕೆಗೆ ಮಾಸುತ್ತದೆ. ಕೆಲವು ಪ್ಲಾಸ್ಟಿಕ್ಕುಗಳಲ್ಲಿರುವ ರಾಸಾಯನಿಕವೂ ಅದನ್ನು ಅಳಿಸುತ್ತದೆ. ನಾವು ಕಾಪಾಡಲು ಹೊರಟದ್ದೇ ಕೇಡಾಯಿತು. ಆದರೆ 2002ರಲ್ಲಿ ಮನೆಯ ಕಂಪ್ಯೂಟರಿಗೆ ಬಂದ ಪುಟಗಳು ಚಿತ್ರಕಡತಗಳಾಗಿ ಉಳಿದಿದ್ದವು. ಸಿಡಿಗೆ ಇಳಿಸಿಟ್ಟಿದ್ದರಿಂದ ಆ ಧಾರವಾಡದ ಕೈಬರಹ ಇಂದಿಗೂ ಹಾಗೆಯೇ ಇದೆ. ಬರೆದ ಹಿರಿಯರು ಮಾತ್ರ ಈಗ ಇಲ್ಲ.

ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯ ಹಳೆಯ ಕಡತಗಳಲ್ಲಿ ಊರಿನಿಂದ ಬಂದ ಇಂಥ ನುಣುಪು ಕಾಗದಗಳಿದ್ದರೆ, ಮಸುಕಾಗಿಯಾದರೂ ಅಕ್ಷರ ಕಾಣುತ್ತಿದ್ದರೆ, ಇಂದೇ ಮೊಬೈಲಿನಿಂದ ಒಂದು ಚಿತ್ರ ತೆಗೆದಿಡಿ. ಒಂದು ಪ್ರತಿಯನ್ನು ಸಂಘಕ್ಕೂ ಕೊಡಿ. ತಂತಿಸೇವೆ 2013ರ ಜುಲೈಯಲ್ಲಿ ನಿಂತಿತು. ಫ್ಯಾಕ್ಸೂ ಬಹುಮಟ್ಟಿಗೆ ತೆರೆಯ ಮರೆಗೆ ಸರಿದಿದೆ. ಹೋದರೆ ಹೋಗಲಿ. ಅದು ಹೊತ್ತು ತಂದ ನಮ್ಮವರ ಕೈಬರಹ ಅದರೊಡನೆ ಹೋಗದಿರಲಿ.