ಕಾಣದ ಟ್ಯಾಬು, ಕಾಣುವ ಸೆಮಿಕೋಲನ್

ಮೊನ್ನೆ ಆಫೀಸಿನಲ್ಲಿ ಒಂದು ಹಳೇ ಮ್ಯಾನುಯಲ್ ತಿದ್ದುವ ಕೆಲಸ ಬಂತು. ಟೀ-ರಾಫ್‌ನಲ್ಲಿ ಬರೆದ ಕಡತ. ಎರಡೇ ಸಾಲು ತಿದ್ದಿ ಸೇವ್ ಮಾಡಿದೆ. ಪಿಡಿಎಫ್ ತೆಗೆದು ನೋಡಿದರೆ ಮೂರು ಕಾಲಂ ಇದ್ದ ಕೋಷ್ಟಕವೆಲ್ಲ ಮೊದಲನೇ ಕಾಲಮ್ಮಿಗೇ ಬಂದು ಗುಡ್ಡೆ ಬಿದ್ದಿದೆ! ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ನನ್ನ ಎಡಿಟರ್ ಟ್ಯಾಬುಗಳನ್ನೆಲ್ಲ ಸ್ಪೇಸ್ ಮಾಡಿಬಿಟ್ಟಿತ್ತು. ಪರದೆ ಮೇಲೆ ಎರಡೂ ಒಂದೇ ಥರ ಖಾಲಿ ಜಾಗ ತಾನೆ... ಆ ಸಿಟ್ಟಿಗೇ ಇದರ ಹಿಂದಿನ ಕತೆ ಹುಡುಕಿಕೊಂಡು ಹೋದೆ.

ಟ್ಯಾಬ್ ಮೂಲತಃ ಟೈಪ್‌ರೈಟರಿನದು. ಕೋಷ್ಟಕ ಹೊಡೆಯುವಾಗ ಎಲ್ಲೆಲ್ಲಿ ನಿಲ್ಲಬೇಕೋ ಅಲ್ಲಿ ಟೈಪಿಸ್ಟ್ ಮೊದಲೇ ತಡೆ ಹಾಕಿಡುತ್ತಿದ್ದರು, ಕೀಲಿ ಒತ್ತಿದರೆ ಗಾಡಿ ಸೀದಾ ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು. 1963ರ ಆಸ್ಕಿ ಇದಕ್ಕೆ 9ನೇ ಸಂಕೇತ ಕೊಟ್ಟಿತು. ಕೀಲಿಯೇನೋ ಕಂಪ್ಯೂಟರಿಗೆ ಬಂತು, ತಡೆಗಳು ಬರಲಿಲ್ಲ. ‘ಮುಂದಿನ ಸ್ಟಾಪಿಗೆ ಹೋಗು’ ಅಂತ ಕಡತದಲ್ಲಿದೆ, ಆದರೆ ಸ್ಟಾಪ್ ಎಲ್ಲಿದೆ ಅಂತ ಇಲ್ಲ!

1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಜೋ ಒಸ್ಸಾನಾ ಎನ್-ರಾಫ್, ಟೀ-ರಾಫ್ ಎಂಬ ಅವಳಿ ತಂತ್ರಾಂಶ ಬರೆದರು. ಮೊದಲನೆಯದು ಟರ್ಮಿನಲ್ಲಿಗೆ, ಎರಡನೆಯದು ಫೋಟೋಟೈಪ್‌ಸೆಟರ್ ಯಂತ್ರಕ್ಕೆ. ತಮಾಷೆ ಏನಂದ್ರೆ, ನಾವೇನೂ ಹೇಳದಿದ್ದರೆ ಎನ್-ರಾಫ್‌ನಲ್ಲಿ ಸ್ಟಾಪುಗಳು 0.8 ಇಂಚಿಗೊಂದು (ಇಂಚಿಗೆ 10 ಅಕ್ಷರದಂತೆ 8 ಅಕ್ಷರ), ಟೀ-ರಾಫ್‌ನಲ್ಲಿ 0.5 ಇಂಚಿಗೊಂದು. ಟರ್ಮಿನಲ್ಲಿನಲ್ಲಿ ನೆಟ್ಟಗೆ ಕಂಡ ಕಾಲಂ ಅಚ್ಚಿನಲ್ಲಿ ಸೊಟ್ಟ. ಸಾಲದ್ದಕ್ಕೆ ಅಚ್ಚಿನಲ್ಲಿ ಪ್ರತಿ ಅಕ್ಷರದ ಅಗಲವೂ ಬೇರೆ. ಸ್ಪೇಸ್ ಬಾರ್ ಒತ್ತಿ ಒತ್ತಿ ಕನ್ನಡದ ಪಟ್ಟಿ ಹೊಂದಿಸಿದವರಿಗೆ ಈ ಕಷ್ಟ ವಿವರಿಸಬೇಕಿಲ್ಲ :) ‘ರ’ಕ್ಕೂ ‘ಣ’ಕ್ಕೂ ಎಲ್ಲಿಯ ಹೋಲಿಕೆ!

ಪರಿಹಾರ ಅಂದರೆ ಟಿಎ ಎಂಬ ಆಜ್ಞೆ ಕೊಟ್ಟು ಸ್ಟಾಪುಗಳನ್ನು ನಾವೇ ಅಳೆದು ಇಡುವುದು. ಒಂದು ಪದ ಉದ್ದವಾಗಿ ಸ್ಟಾಪ್ ದಾಟಿತೋ, ಟ್ಯಾಬ್ ಅದರಾಚೆಯದಕ್ಕೆ ಹಾರುತ್ತದೆ, ಆ ಸಾಲೆಲ್ಲ ಎಡವಟ್ಟು. ಪ್ಯಾರಾ ನಡುವೆ ಟ್ಯಾಬ್ ಹಾಕಿದರಂತೂ ಕೇಳಬೇಡಿ. ಅದು ಎಣಿಸುವುದು ನಾವು ಟೈಪ್ ಮಾಡಿದ ಸಾಲಿನ ಶುರುವಿನಿಂದ, ಪುಟದ ಸಾಲಿನಿಂದಲ್ಲ. (1990ರಲ್ಲಿ ಜೇಮ್ಸ್ ಕ್ಲಾರ್ಕ್ ಮೊದಲು ಬಿಡುಗಡೆ ಮಾಡಿದ ಜೀ-ರಾಫ್‌ನಲ್ಲಿ ಇದಕ್ಕೆ ಲೈನ್‌ಟ್ಯಾಬ್ಸ್ ಅಂತ ಒಂದು ಆಜ್ಞೆ ಇದೆ.)

ನನಗೆ ನಿಜಕ್ಕೂ ಇಷ್ಟವಾದದ್ದು ಮೈಕ್ ಲೆಸ್ಕ್ ಮಾಡಿದ ಉಪಾಯ. ಅದೂ ಬೆಲ್ ಲ್ಯಾಬ್ಸ್‌ನಲ್ಲೇ. ಅವರ ‘ಟಿಬಿಎಲ್’ ಬಗೆಗಿನ ವರದಿ 1976ರದು. ಅವರು ಟೀ-ರಾಫ್ ಮುಟ್ಟಲೇ ಇಲ್ಲ, ಅದರ ಮುಂದೆ ಇನ್ನೊಂದು ಪುಟ್ಟ ಪ್ರೋಗ್ರಾಂ ಕೂರಿಸಿದರು. ಇದರಲ್ಲಿ ಟ್ಯಾಬ್ ಅಂದರೆ ‘ಇಷ್ಟು ದೂರ ಸರಿ’ ಅಂತಲ್ಲ, ‘ಒಂದು ಮನೆ ಮುಗಿಯಿತು’ ಅಂತ. ಯಾವ ಕಾಲಮ್ಮಿನಲ್ಲಿ ಅತಿ ಅಗಲದ ಪದ ಯಾವುದು ಅಂತ ಟೀ-ರಾಫ್‌ನಿಂದಲೇ ಅಳೆಸಿ, ಸ್ಟಾಪುಗಳನ್ನು ತಾನೇ ಇಡಿಸುತ್ತದೆ. ಟೈಪಿಸ್ಟಿನ ಕೆಲಸ ಕೊನೆಗೂ ಯಂತ್ರದ ಪಾಲಿಗೆ!

ಆದರೂ ಟ್ಯಾಬ್ ಕಣ್ಣಿಗೆ ಕಾಣುವುದಿಲ್ಲವಲ್ಲ? ಅದಕ್ಕೂ ದಾರಿ ಇದೆ. ಕೋಷ್ಟಕದ ಮೊದಲ ಸಾಲಿನಲ್ಲಿ ‘ಟ್ಯಾಬ್’ ಅಂತ ಬರೆದು ಕಂಸದೊಳಗೆ ಬೇರೆ ಯಾವುದಾದರೂ ಅಕ್ಷರ ಕೊಟ್ಟರೆ, ಮನೆಗಳನ್ನು ಬೇರ್ಪಡಿಸಲು ಅದನ್ನೇ ಬಳಸಬಹುದು. ನಾನು ಸೆಮಿಕೋಲನ್ ಕೊಟ್ಟೆ. ಕೋಷ್ಟಕ ಎದ್ದು ನಿಂತಿತು, ಕೊನೇ ಸಾಲೊಂದನ್ನು ಬಿಟ್ಟು. ಅಲ್ಲಿ ವಿವರಣೆಯ ಒಳಗೇ ಒಂದು ಸೆಮಿಕೋಲನ್ ಕೂತಿತ್ತು :( ಈಗ ಅಟ್ ಚಿಹ್ನೆ ಹಾಕಿದ್ದೇನೆ. ಮ್ಯಾನುಯಲ್ಲಿನಲ್ಲಿ ಇಮೇಲ್ ವಿಳಾಸದ ಕಾಲಂ ಬೇಕು ಅಂತ ಯಾರೂ ಕೇಳದಿದ್ದರೆ ಸಾಕು.